ಸೋತವನ ಸಹಿ

ಮೊಳಕಾಲ್ಮುರು
9-8-2003

ಶಹನವಾಜ್,

ಕ್ಷೇಮ ವಿಚಾರಿಸುವ ಮನಸ್ಸಿಲ್ಲ, ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ಎಸ್‌ಟಿಡಿ ಬೂತಿನಿಂದ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನನ್ನ ದನಿ ಕೇಳಿದ ಕೂಡಲೇ ನೀನು ಇಟ್ಟುಬಿಟ್ಟೆ. ಕಾಗದವನ್ನು ಹಾಗೆ ಇಡಲಾಗುವುದಿಲ್ಲ. ಹರಿದು ಹಾಕುವ ಮುಂಚೆ ಎರಡು ಸಾಲಾದರೂ ಕಣ್ಣಿಗೆ ಬೀಳುತ್ತವೆ.

ಹೋದ ಭಾನುವಾರ ನಿನ್ನ ಪೂಲ್ ಹಾಲ್‌ನಲ್ಲಿ, ನಿನ್ನ ಮೇಜಿನ ಮೇಲೆ, ಚಳ್ಳಕೆರೆಯ ಅರ್ಧ ಊರು ನೋಡುತ್ತಿರುವಾಗ, ಜಿಲ್ಲಾ ಪೂಲ್ ಟೂರ್ನಮೆಂಟಿನ ಫೈನಲ್‌ನಲ್ಲಿ ನಿನ್ನನ್ನು ಏಳು–ಆರರಲ್ಲಿ ಸೋಲಿಸಿದೆ. ಎರಡು–ಆರರಲ್ಲಿ ಹಿಂದಿದ್ದವನು ಸಾಲಾಗಿ ನಾಲ್ಕು ಗೇಮ್ ಗೆದ್ದು ಆರು–ಆರಕ್ಕೆ ತಂದೆ. ಗೆದ್ದವನೇ ಮುಂದಿನ ಗೇಮಿನಲ್ಲಿ ಜೋಡಿಸಿದ ಬಾಲ್ ಒಡೆಯುವ ಮೊದಲ ಹೊಡೆತ, ಅಂದರೆ ಬ್ರೇಕ್ ಹೊಡೆಯಬೇಕಲ್ಲ, ಹಾಗಾಗಿ ಕೊನೆಯ ಗೇಮಿನ ಬ್ರೇಕ್ ನನ್ನದು. ಹೊಡೆದೆ. ಒಂಬತ್ತು ನಂಬರಿನ ಬಾಲ್ ನೇರ ಬಲಮೂಲೆಯ ಪಾಕೆಟ್ಟಿಗೆ ಹೋಯಿತು. ಗೋಡೆಯ ಮೇಲೆ ನೀನೇ ನೀಲಿ ಪೇಂಟಿನಲ್ಲಿ ಬರೆದ ನಿಯಮ ಓದಿ ಹೇಳಲಾ? 'ಮೇಜಿನ ಮೇಲಿರುವ ಅತಿ ಸಣ್ಣ ನಂಬರನ್ನು ಬಿಳಿ ಬಾಲ್ ಮೊದಲು ಮುಟ್ಟಬೇಕು. ಮುಟ್ಟಿದ ಮೇಲೆ ಒಂಬತ್ತು ಯಾವಾಗ ಬಿದ್ದರೂ ಗೇಮ್. ಬ್ರೇಕಿನಲ್ಲಿ ಬಿದ್ದರೂ ಗೇಮ್.' ಅಲ್ಲಿಗೆ ಮುಗಿಯಿತು.

ನೀನು ಏನು ಮಾಡಿದೆ? ಕ್ಯೂ ಕೋಲನ್ನು ಗೋಡೆಗೆ ಒರಗಿಸಿ, "ಇದು ಆಟ ಅಲ್ಲ ಕಣ್ರಯ್ಯಾ, ಲಾಟ್ರಿ" ಅಂದು ಮೆಟ್ಟಿಲು ಇಳಿದುಬಿಟ್ಟೆ. ರೆಫ್ರಿಯಾಗಿದ್ದ ಡ್ರಿಲ್ ಮೇಷ್ಟ್ರು ಪಾತಣ್ಣ ಹಿಂದಿನಿಂದ ಕೂಗಿದರು, "ಲೇ ಶಾನು, ಸಹಿ ಹಾಕಿ ಹೋಗೋ, ಹಾಳೆ ಹಂಗೇ ಐತೆ!" ನೀನು ತಿರುಗಿಯೂ ನೋಡಲಿಲ್ಲ.

ನಮ್ಮ ಜಿಲ್ಲೆಯ ಪದ್ಧತಿ ನಿನಗೆ ಗೊತ್ತು. ಎರಡು ವರ್ಷದ ಹಿಂದೆ ಹೊಡೆದಾಟ ಆದ ಮೇಲೆ ದುರ್ಗದ ಜಿಲ್ಲಾ ಪೂಲ್ ಸಂಘದವರು ಮಾಡಿದ್ದು. ಫಲಿತಾಂಶದ ಹಾಳೆಯ ಮೇಲೆ ಗೆದ್ದವನು, ರೆಫ್ರಿ, ಸೋತವನು ಮೂವರೂ ಸಹಿ ಹಾಕಬೇಕು. ಸೋತವನ ಸಹಿ ಇಲ್ಲದ ಹಾಳೆಯನ್ನು ದುರ್ಗದ ಕಚೇರಿಯಲ್ಲಿ ಕೈಯಿಂದಲೂ ಮುಟ್ಟುವುದಿಲ್ಲ. ಸೆಪ್ಟೆಂಬರ್ ಮೂವತ್ತರೊಳಗೆ ಹಾಳೆ ಹೋಗದಿದ್ದರೆ ನವೆಂಬರಿನಲ್ಲಿ ಬೆಂಗಳೂರಲ್ಲಿ ನಡೆಯುವ ರಾಜ್ಯ ಟೂರ್ನಮೆಂಟಿಗೆ ನನ್ನ ಹೆಸರು ಹೋಗುವುದಿಲ್ಲ. ಜಿಲ್ಲೆಯಿಂದ ಒಬ್ಬನಿಗೇ ಅವಕಾಶ. ಆ ಒಬ್ಬ ನಾನು. ಹಾಳೆ ನಿನ್ನ ಲೆಕ್ಕದ ಮೇಜಿನ ಡ್ರಾಯರ್‌ನಲ್ಲಿದೆ. ಸಹಿ ಹಾಕಿ ಕಳಿಸು.

ಲೋಹಿತ


ಚಳ್ಳಕೆರೆ
14-8-2003

ಲೋಹಿತ,

ಕಾಗದ ಹರಿಯಲಿಲ್ಲ. ಪೂರ್ತಿ ಓದಿದೆ. ಸಹಿ ಹಾಕುವುದಿಲ್ಲ.

ಕಾರಣ ಬೇಕಾ? ಅವತ್ತು ನಾನು ಪಾಕೆಟ್ಟಿಗೆ ಹಾಕಿದ ಬಾಲ್ ಐವತ್ತೆಂಟು, ನೀನು ಹಾಕಿದ್ದು ನಲವತ್ತು. ಪಾತಣ್ಣ ಮೇಷ್ಟ್ರು ಗೀಟು ಹಾಕಿದ ಪುಸ್ತಕ ಇಲ್ಲೇ ಇದೆ, ಬಂದು ನೋಡಿಕೋ. ಯಾರು ಚೆನ್ನಾಗಿ ಆಡಿದರು ಅಂತ ಅದೇ ಹೇಳುತ್ತದೆ. ನೀನು ಕಣ್ಣು ಮುಚ್ಚಿ ಬಲವಾಗಿ ಹೊಡೆದೆ, ಒಂಬತ್ತೂ ಬಾಲ್ ಚೆಲ್ಲಾಪಿಲ್ಲಿಯಾದವು, ಅದರಲ್ಲಿ ಒಂದು ಹೋಗಿ ಎಲ್ಲೋ ಬಿತ್ತು. ಅದಕ್ಕೆ ಗೆಲುವು ಅಂತ ಹೆಸರಿಟ್ಟು, ಅದರ ಕೆಳಗೆ 'ನಾನು ಸೋತೆ' ಅಂತ ನಾನು ಬರೆದುಕೊಡಬೇಕಾ?

ನಾನು ಡೀಸೆಲ್ ಪಂಪ್ ರಿಪೇರಿ ಮಾಡುವವನು. ಕೂದಲೆಳೆಯಷ್ಟು ಆಚೀಚೆಯಾದರೆ ಟ್ರ್ಯಾಕ್ಟರ್ ಹೊಗೆ ಉಗುಳುತ್ತದೆ. ಪರಶುರಾಂಪುರದ ಕಡೆಯ ರೈತರು ದಾರಿಯಲ್ಲಿ ಮೂರು ವರ್ಕ್‌ಶಾಪ್ ಬಿಟ್ಟು ನನ್ನ ಹತ್ತಿರ ಬರುವುದು ನನ್ನ ಕೈ ನೋಡಿ. ಅದೃಷ್ಟದಿಂದ ಸರಿಹೋದ ಪಂಪನ್ನು ಇವತ್ತಿನವರೆಗೂ ನಾನು ನೋಡಿಲ್ಲ.

ಇನ್ನೊಂದು ಮಾತು. ಆ ಮೇಜನ್ನು ಬಳ್ಳಾರಿಯಿಂದ ತಂದಾಗ ಲಾರಿಯಲ್ಲಿ ಹುಲ್ಲು ಹಾಸಿ, ಬಟ್ಟೆಯ ಕೆಳಗಿನ ಕಲ್ಲು ಒಡೆಯದ ಹಾಗೆ ತಬ್ಬಿಕೊಂಡು ಕೂತು ಬಂದವನು ನೀನು. ಇಲ್ಲ ಅನ್ನುವುದಿಲ್ಲ. ಆದರೆ ನಿನಗೆ ಆಟ ಕಲಿಸಿದವನು ಯಾರು? ಕುರಿ ಹೊಡೆಯುವ ಕೋಲು ಹಿಡಿದ ಹಾಗೆ ಕ್ಯೂ ಹಿಡಿಯುತ್ತಿದ್ದೆ. ನಿನ್ನ ಒಂದೊಂದು ಬೆರಳನ್ನೂ ಹಿಡಿದು ಬಟ್ಟೆಯ ಮೇಲೆ ಇಟ್ಟು ತೋರಿಸಿದವನು ನಾನು. ನನಗೇ ನೋಟಿಸ್ ಕಳಿಸುತ್ತೀಯಾ?

ಶಹನವಾಜ್


ಮೊಳಕಾಲ್ಮುರು
19-8-2003

ಗುರುಗಳಾದ ಶಹನವಾಜ್ ಅವರಿಗೆ,

ಐವತ್ತೆಂಟು ಬಾಲ್ ಹಾಕಿಯೂ ಸೋತೆ ಅಂತ ನಿನ್ನ ಕೈಯಾರೆ ಬರೆದುಕೊಟ್ಟಿದ್ದೀಯ, ಸಂತೋಷ. ಇದು ಬಾಲ್ ಎಣಿಸುವ ಆಟ ಅಲ್ಲ. ಎಂಟು ಬಾಲ್ ಹಾಕಿ ಒಂಬತ್ತನ್ನು ಬಿಟ್ಟವನಿಗೆ ಸೊನ್ನೆ. ಎರಡು–ಆರು ಇದ್ದಾಗ ನೀನು ಮಾಡಿದ್ದು ಅದನ್ನೇ. ಒಂಬತ್ತು ಪಾಕೆಟ್ಟಿನ ಬಾಯಲ್ಲಿತ್ತು. ನೀನು ಜನರ ಕಡೆ ನೋಡಿ ಮೀಸೆ ತಿರುವಿ ಹೊಡೆದೆ, ತಪ್ಪಿತು. ಅಲ್ಲಿಂದ ಆಚೆ ಮೇಜು ನನ್ನದಾಯಿತು.

ಈಗ ನನ್ನ ಒಂದು ಪ್ರಶ್ನೆಗೆ ಉತ್ತರ ಕೊಡು. ಅವತ್ತೇ ಬೆಳಗ್ಗೆ ಸೆಮಿಫೈನಲ್‌ನಲ್ಲಿ ನಿನ್ನ ಬ್ರೇಕಿನಲ್ಲಿ ಒಂಬತ್ತು ಬಿತ್ತು. ನಮ್ಮ ಫೈನಲ್‌ನ ಮೂರನೇ ಗೇಮಿನಲ್ಲೂ ಬಿತ್ತು. ಎರಡೂ ಸಲ ಅದೇ ಬಲಮೂಲೆ. ಆಗ ಎರಡೂ ಕೈ ಎತ್ತಿ ಒಂದು ಸುತ್ತು ತಿರುಗಿದೆಯಲ್ಲ, ಯಾಕೆ? "ಶಾನು ಕೈ ಅಂದ್ರೆ ಕೈ" ಅಂತ ನಿನ್ನ ವರ್ಕ್‌ಶಾಪಿನವರು ಸಿಳ್ಳೆ ಹಾಕಿದಾಗ 'ಇದು ಲಾಟರಿ ಕಣ್ರಯ್ಯಾ' ಅಂತ ಯಾಕೆ ಹೇಳಲಿಲ್ಲ? ನೀನು ಹಾಕಿದರೆ ಕೈಚಳಕ, ನಾನು ಹಾಕಿದರೆ ಲಾಟರಿ. ಯಾವ ಊರಿನ ನ್ಯಾಯ ಇದು?

ಅಪ್ಪ ಅವತ್ತು ಕುರಿಯನ್ನು ಪಕ್ಕದ ರೊಪ್ಪದವರಿಗೆ ಒಪ್ಪಿಸಿ ಬಸ್ ಹತ್ತಿ ಬಂದಿದ್ದ. ಹುಟ್ಟಿದ ಮೇಲೆ ಮೊದಲ ಸಲ ನನ್ನ ಆಟ ನೋಡಿದ್ದು. ನೀನು ಇಳಿದು ಹೋದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರೂ ಮೆಟ್ಟಿಲ ಕಡೆ ನೋಡುತ್ತಾ ನಿಂತರು. ಬಸ್ಸಿನಲ್ಲಿ ಅಪ್ಪ ಕೇಳಿದ, "ಮಗಾ, ಗೆದ್ದಿದ್ದು ನೀನೇ ಹೌದಾ? ಮತ್ತೆ ಯಾರೂ ಏನೂ ಅನ್ಲಿಲ್ಲ?" ಹೌದಪ್ಪ ಅಂದೆ. ನಮ್ಮ ಕಡೆಯ ಹಾನಗಲ್ ದಾಟಿದ ಮೇಲೆ ಮತ್ತೆ ಕೇಳಿದ, ಮನೆಗೆ ಬಂದ ಮೇಲೂ ಕೇಳಿದ. ಗೆದ್ದ ದಿನ ನನ್ನ ಅಪ್ಪನಿಗೆ ನಾನು ಮೂರು ಸಲ ಗೆದ್ದೆ ಅಂತ ಹೇಳಬೇಕಾಯಿತು. ಆ ಸಂಕಟ ನಿನಗೆ ಅರ್ಥವಾಗುವುದಿಲ್ಲ ಬಿಡು.

ಸಹಿ ಹಾಕು.

ಲೋಹಿತ


ಚಳ್ಳಕೆರೆ
2-9-2003

ಲೋಹಿತ,

ಹದಿನೈದು ದಿನ ಯಾಕೆ ಬರೆಯಲಿಲ್ಲ ಅಂದರೆ ನಿಯಮದ ಪುಸ್ತಕ ತರಿಸಿ ಓದುತ್ತಿದ್ದೆ. ನೀನು ನಿಯಮ ನಿಯಮ ಅಂತ ಬಾಯಿ ಬಡಿದುಕೊಳ್ಳುತ್ತೀಯಲ್ಲ, ಅದಕ್ಕೆ.

ಒಂದು, ಬ್ರೇಕ್ ಹೊಡೆದಾಗ ಕನಿಷ್ಠ ನಾಲ್ಕು ಬಾಲ್ ಮೇಜಿನ ಅಂಚಿನ ಕುಷನ್ನಿಗೆ ತಗುಲಬೇಕು. ನಿನ್ನ ಬ್ರೇಕಿನಲ್ಲಿ ಮೂರೇ ತಗುಲಿದ್ದು, ನಾನು ಕಣ್ಣಾರೆ ನೋಡಿದೆ. ಎರಡು, ಬ್ರೇಕ್ ಹೊಡೆಯುವಾಗ ಬಿಳಿ ಬಾಲ್ ಗೆರೆಯ ಹಿಂದೆ ಇರಬೇಕು. ನಿನ್ನದು ಗೆರೆಯ ಮೇಲೆ ಕೂತಿತ್ತು. ಹಾಗಾಗಿ ಅದು ಬ್ರೇಕೇ ಅಲ್ಲ. ಬ್ರೇಕೇ ಅಲ್ಲದ ಮೇಲೆ ಗೇಮ್ ಎಲ್ಲಿಂದ ಬರಬೇಕು?

ಪಾತಣ್ಣ ಮೇಷ್ಟ್ರಿಗೆ ಕನ್ನಡಕ ಬದಲಾಯಿಸುವ ಕಾಲ ಬಂದಿದೆ. ಅವರ ಸಹಿಯನ್ನು ತೋರಿಸಿ ನನ್ನನ್ನು ಹೆದರಿಸಬೇಡ.

ಶಹನವಾಜ್


ಮೊಳಕಾಲ್ಮುರು
6-9-2003

ಶಹನವಾಜ್,

ನಿನ್ನೆ ರಜೆ ಇತ್ತು, ಆದರೂ ಚಳ್ಳಕೆರೆಗೆ ಬರಲಿಲ್ಲ. ಬಂದಿದ್ದರೆ ನಿನ್ನ ಕೊರಳಪಟ್ಟಿ ಹಿಡಿಯುತ್ತಿದ್ದೆ. ಅದರ ಬದಲು ಪಾತಣ್ಣ ಮೇಷ್ಟ್ರ ಊರಿಗೆ ಹೋಗಿ ನಿನ್ನ ಕಾಗದ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಅಂದರು, "ಅವ್ನಿಗೆ ಓದಾಕೆ ಬರ್ತೈತಾ ಇಲ್ವಾ ಕೇಳು. ಒಂದ್ ಬಾಲ್ ಬೀಳ್ಬೇಕು, *ಇಲ್ಲಾಂದ್ರೆ* ನಾಕು ಕುಷನ್ನಿಗೆ ತಗುಲ್ಬೇಕು. ಒಂಬತ್ತೇ ಬಿದ್ದೈತಲ್ಲೋ, ಇನ್ನೆಂಥ ನಾಕು?" ಅದೇ ಪುಸ್ತಕದ ಅದೇ ಪುಟದಲ್ಲಿದೆ. ಅರ್ಧ ಸಾಲು ಓದಿ ಅರ್ಧ ನುಂಗಿದ್ದೀಯ.

ಇನ್ನು ಗೆರೆಯ ಮಾತು. ಅವತ್ತೆಲ್ಲ ನಾನು ನಡುವಿನಿಂದ ಬ್ರೇಕ್ ಹೊಡೆದೆ. ಕೊನೆಯ ಗೇಮಿನಲ್ಲಿ ಮಾತ್ರ ನೀನು ಇಡುತ್ತಿದ್ದ ಜಾಗದಲ್ಲೇ, ಎಡಗಡೆ ಕುಷನ್ನಿನಿಂದ ಒಂದು ಗೇಣು ಬಿಟ್ಟು ಇಟ್ಟೆ. ನೀನು ಕ್ಯೂ ತುದಿಗೆ ಹಚ್ಚುವ ಚಾಕ್ ಪುಡಿಯ ನೀಲಿ ಗುರುತು ಬಟ್ಟೆಯ ಮೇಲೆ ಹಾಗೇ ಇತ್ತು. ನನ್ನದು ಗೆರೆ ದಾಟಿದ್ದರೆ ನಿನ್ನ ಎಲ್ಲಾ ಬ್ರೇಕುಗಳೂ ದಾಟಿದ್ದವು. ಆಗ ನಿನ್ನ ಆರು ಗೇಮನ್ನೂ ಒರೆಸಿಹಾಕಬೇಕು. ಒರೆಸೋಣವಾ?

ಲಾಟರಿ ಅಂತೀಯಲ್ಲ, ಕೇಳು. ಟೂರ್ನಮೆಂಟಿಗೆ ಮೂರು ವಾರ ಮುಂಚೆ ನೀನು 'ಮೇಜು ರಿಪೇರಿ' ಅಂತ ಬೋರ್ಡ್ ತೂಗುಹಾಕಿ ಹಾಲ್ ಮುಚ್ಚಿದೆ. ನಾನು ಸುಮ್ಮನೆ ಕೂರಲಿಲ್ಲ. ನಮ್ಮ ರೇಷ್ಮೆ ಅಂಗಡಿಯಲ್ಲಿ ಸೀರೆ ಹಾಸಿ ಮಡಚುವ ಉದ್ದನೆಯ ಮೇಜು ಇದೆ. ಮಧ್ಯಾಹ್ನ ಒಡೆಯರು ಊಟಕ್ಕೆ ಹೋದಾಗ ಅದರ ಮೇಲೆ ಕಂಬಳಿ ಹಾಸಿ, ಸೀರೆ ಸುತ್ತುವ ಕೋಲನ್ನೇ ಕ್ಯೂ ಮಾಡಿಕೊಂಡು, ಹಳೇ ಬಾಲ್ ಇಟ್ಟು ಬರೀ ಬ್ರೇಕ್ ಅಭ್ಯಾಸ ಮಾಡಿದೆ. ದಿನಕ್ಕೆ ಐವತ್ತು. ಕೈ ಒರಟಾಗಿ ಸೀರೆಯ ಎಳೆ ಬೆರಳಿಗೆ ಸಿಕ್ಕಿ ಬೈಸಿಕೊಂಡಿದ್ದೇನೆ. ಎಷ್ಟು ಬಲ ಹಾಕಿದರೆ ಒಂದು ನಂಬರಿನ ಮೂಗಿಗೆ ನೇರ ತಗುಲಿ ಒಂಬತ್ತು ಹೊರಗೆ ಚಿಮ್ಮುತ್ತದೆ ಅನ್ನುವುದು ನನ್ನ ತೋಳಿಗೆ ಗೊತ್ತು. ಆ ಬ್ರೇಕ್ ನನ್ನದು. ಅದು ನನ್ನ ಕೈಯಲ್ಲಿದೆ. ಬೇಕಾದರೆ ನಾಳೆ ಬಂದು ನಿನ್ನ ಮೇಜಿನ ಮೇಲೇ ಹೊಡೆದು ತೋರಿಸುತ್ತೇನೆ. ಹತ್ತು ಸಲ ಹೊಡೆದರೆ ಮೂರು ಸಲವಾದರೂ ಒಂಬತ್ತನ್ನು ಬಲಮೂಲೆಗೆ ಹಾಕದಿದ್ದರೆ ನನ್ನ ಹೆಸರು ಬದಲಾಯಿಸು.

ನೀನು ನನಗೆ ಬೆರಳು ಇಡುವುದನ್ನು ಕಲಿಸಿರಬಹುದು. ಬ್ರೇಕ್ ಮಾತ್ರ ನಾನು ನಿನಗಿಂತ ಚೆನ್ನಾಗಿ ಕಲಿತಿದ್ದೇನೆ.

ಲೋಹಿತ


ಚಳ್ಳಕೆರೆ
10-9-2003

ಲೇ ಲೋಹಿತ,

ಸಾಕು ನಿಲ್ಲಿಸು. ನಿನ್ನ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಕಂಬಳಿ ಹಾಸಿದನಂತೆ, ಸೀರೆ ಕೋಲಿನಲ್ಲಿ ಹೊಡೆದನಂತೆ, ಒಂಬತ್ತನ್ನು ಬಲಮೂಲೆಗೆ ಕಳಿಸುವುದನ್ನು ಕಲಿತನಂತೆ! ನಿನ್ನ ತೋಳಿಗೆ ಏನೂ ಗೊತ್ತಿಲ್ಲ. ಅವತ್ತು ಒಂಬತ್ತನ್ನು ಬಲಮೂಲೆಗೆ ಕಳಿಸಿದವನು ನಾನು.

ಮೂರು ವಾರ ಹಾಲ್ ಮುಚ್ಚಿ ಏನು ಮಾಡಿದೆ ಅಂದುಕೊಂಡೆ? ಬಾಲ್ ಜೋಡಿಸುವ ಜಾಗದಲ್ಲಿ ಒಂದೊಂದೇ ಬಾಲ್ ಇಟ್ಟು, ಅದರ ಮೇಲೆ ತೊಗಲಿನ ತುಂಡು ಇಟ್ಟು, ನೈಲಾನ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ದಿನಾ ತಟ್ಟಿದೆ. ಬಟ್ಟೆಯಲ್ಲಿ ಒಂಬತ್ತು ಗುಳಿ ಬಂದವು. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಯಾರೇ ಜೋಡಿಸಲಿ, ಚೌಕಟ್ಟು ತೆಗೆದ ಕೂಡಲೇ ಬಾಲ್ ಹೋಗಿ ಆ ಗುಳಿಯಲ್ಲಿ ಕೂರುತ್ತದೆ. ಒಂಬತ್ತರ ಬೆನ್ನಿಗೆ ಎರಡು ಬಾಲ್ ಇರುತ್ತವಲ್ಲ, ಅದರಲ್ಲಿ ಒಂದರ ಗುಳಿಯನ್ನು ಪಂಪಿಗೆ ಹಾಕುವ ಗೇಜಿನ ತಗಡು ಇಟ್ಟು ಅಳೆದು ಒಂದಿಷ್ಟೇ ಇಷ್ಟು ಹಿಂದಕ್ಕೆ ಸರಿಸಿದೆ. ಆ ಸಂದಿನಿಂದ ಒಂಬತ್ತು ಬಲಕ್ಕೆ ಹೊರಡುತ್ತದೆ. ಎಡಗಡೆ ಒಂದು ಗೇಣು ಬಿಟ್ಟು ಬಿಳಿ ಬಾಲ್ ಇಟ್ಟು ಹೊಡೆದರೆ ಹತ್ತಕ್ಕೆ ಮೂರು ಸಲ ಬೀಳುತ್ತದೆ. ಈ ಜಿಲ್ಲೆಯಲ್ಲಿ ಇಷ್ಟು ನಾಜೂಕಿನ ಕೆಲಸ ಮಾಡುವ ಕೈ ಇನ್ನೊಂದು ಇದ್ದರೆ ತೋರಿಸು.

ನಾನು ಉತ್ತು ಬಿತ್ತಿದ್ದನ್ನು ನೀನು ಬಂದು ಕೊಯ್ದೆ. ನನ್ನ ಚಾಕಿನ ಗುರುತಿನ ಮೇಲೇ ಬಾಲ್ ಇಟ್ಟು ಹೊಡೆದು, ಈಗ ಅದು ನಿನ್ನ ಕಲೆ ಅಂತ ನನಗೇ ಬರೆಯುತ್ತೀಯಾ? ಥೂ. ಅಷ್ಟು ಜನರ ಎದುರಿಗೆ ಬಾಯಿ ಬಿಡಲಾಗದೆ ಇಳಿದು ಹೋದೆ.

ಅದು ನಿನ್ನ ಅದೃಷ್ಟವೂ ಅಲ್ಲ, ನಿನ್ನ ಕೈಯೂ ಅಲ್ಲ. ಅದರ ಕೆಳಗೆ ನಾನು ಸಹಿ ಹಾಕುವುದಿಲ್ಲ.

ಶಹನವಾಜ್


ಮೊಳಕಾಲ್ಮುರು
13-9-2003

ಶಾನು,

ಕಾಗದ ಓದಿ ಅಂಗಡಿಯ ಜಗಲಿಯ ಮೇಲೆ ಕುಳಿತುಬಿಟ್ಟೆ. ಒಡೆಯರು "ಯಾರಾದ್ರೂ ತೀರ್ಕೊಂಡ್ರೇನೋ?" ಅಂತ ಕೇಳಿದರು. ಇಲ್ಲ ಅಂದೆ.

ಒಂದೂವರೆ ತಿಂಗಳಿಂದ ಆ ಬ್ರೇಕನ್ನು ಮನಸ್ಸಿನಲ್ಲೇ ದಿನಕ್ಕೆ ಇಪ್ಪತ್ತು ಸಲ ಹೊಡೆಯುತ್ತಿದ್ದೆ. ಸೀರೆ ಮಡಚುವಾಗ, ನೀರು ಹೊಯ್ದುಕೊಳ್ಳುವಾಗ, ಅವ್ವ ಉಣ್ಣಲು ಕೂಗಿದಾಗ. ಇಷ್ಟು ದಿನ ನೀನು ಲಾಟರಿ ಅಂದೆ, ಸುಳ್ಳು ಅಂದೆ, ಯಾವುದೂ ಮುಟ್ಟಲಿಲ್ಲ. ಇವತ್ತು ಮುಟ್ಟಿತು. ಹೊಡೆಯಲು ಹೋದರೆ ನಿನ್ನ ಸುತ್ತಿಗೆಯ ಸದ್ದು ಕೇಳುತ್ತದೆ. ನಿನ್ನನ್ನು ಇಷ್ಟು ದ್ವೇಷಿಸುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ.

ಇರಲಿ. ಈಗ ವ್ಯವಹಾರ ಮಾತಾಡೋಣ. ನಿನ್ನ ಕೈಬರಹದ ಕಾಗದ ನನ್ನ ಜೇಬಿನಲ್ಲಿದೆ. ಇದನ್ನು ದುರ್ಗಕ್ಕೆ ಕಳಿಸಿದರೆ ನಿನ್ನ ಹಾಲ್ ಮುಚ್ಚುತ್ತದೆ, ನೀನು ಮತ್ತೆ ಯಾವ ಟೂರ್ನಮೆಂಟಿಗೂ ಕಾಲಿಡುವುದಿಲ್ಲ. ಆದರೆ ಟೂರ್ನಮೆಂಟೇ ರದ್ದಾಗುತ್ತದೆ, ನನ್ನ ಗೆಲುವೂ ಅದರ ಜೊತೆ ಹೋಗುತ್ತದೆ. ಅದನ್ನು ಲೆಕ್ಕ ಹಾಕಿಯೇ ಧೈರ್ಯವಾಗಿ ಬರೆದೆಯಾ? ಅಥವಾ ಜಂಬದಲ್ಲಿ ತಲೆ ಓಡಲಿಲ್ಲವಾ?

ನಾನೇನು ದೊಡ್ಡ ಸತ್ಯವಂತ ಅಲ್ಲ. ನನಗೆ ರಾಜ್ಯ ಟೂರ್ನಮೆಂಟಿಗೆ ಹೋಗಬೇಕು. ಅಲ್ಲಿ ಒಂದೇ ಒಂದು ಮ್ಯಾಚ್ ಆಡಿ ಸೋತು ಬಂದರೂ ಸರಿ, ಹೋಗಬೇಕು. ಇಪ್ಪತ್ತಾರು ವರ್ಷದಲ್ಲಿ ನನ್ನ ಹೆಸರನ್ನು ಯಾರೂ ಒಂದು ಹಾಳೆಯ ಮೇಲೆ ಅಚ್ಚು ಹಾಕಿಸಿಲ್ಲ. ಸಹಿ ಮಾಡಿ ಹಾಳೆ ಕಳಿಸು, ನಿನ್ನ ಕಾಗದವನ್ನು ಸುಟ್ಟು ಬೂದಿ ಮಾಡುತ್ತೇನೆ. ಗುಳಿಯ ಮಾತು ನನ್ನ ಜೊತೆಗೇ ಇರುತ್ತದೆ. ಇಪ್ಪತ್ತೈದನೇ ತಾರೀಖಿನವರೆಗೆ ಕಾಯುತ್ತೇನೆ.

ಲೋಹಿತ


ಚಳ್ಳಕೆರೆ
22-9-2003

ಲೋಹಿತ,

ಶನಿವಾರ ದುರ್ಗಕ್ಕೆ ಹೋಗಿದ್ದೆ. ಸಂಘದ ಕಚೇರಿಯಲ್ಲಿ ಎಲ್ಲವನ್ನೂ ನಾನೇ ಹೇಳಿದೆ. ಬರೆದುಕೊಡಿ ಅಂದರು, ಬರೆದುಕೊಟ್ಟೆ. ಆಗಸ್ಟ್ ಮೂರರ ಫೈನಲ್ ಹಾಳೆಯನ್ನೂ ಅವರ ಮೇಜಿನ ಮೇಲಿಟ್ಟೆ. ಭಾನುವಾರ ಇಬ್ಬರು ಬಂದು ಬಟ್ಟೆಯ ಮೇಲೆ ಬೆರಳಾಡಿಸಿ ಗುಳಿಗಳನ್ನು ನೋಡಿದರು. ಅವರಲ್ಲೊಬ್ಬ, "ಎಂಥ ಕೈ ಐತಲ್ಲೋ ನಿಂದು, ಹಾಳ್ ಮಾಡ್ಕೊಂಡೆ" ಅಂದ.

ಎರಡು ವರ್ಷ ನನ್ನ ಮೇಜಿನ ಮೇಲೆ ಟೂರ್ನಮೆಂಟ್ ಇಲ್ಲ, ನನಗೂ ಆಟ ಇಲ್ಲ. ಫೈನಲ್ ರದ್ದು. ಮೂರನೇ ಸ್ಥಾನಕ್ಕೆ ಬಂದಿದ್ದ ಹಿರಿಯೂರಿನವನ ಜೊತೆ ನೀನು ಅಕ್ಟೋಬರ್ ಹತ್ತೊಂಬತ್ತಕ್ಕೆ ದುರ್ಗದ ಕ್ಲಬ್ಬಿನ ಮೇಜಿನ ಮೇಲೆ ಆಡಬೇಕು. ಗೆದ್ದವನ ಹೆಸರು ಹೋಗುತ್ತದೆ. ಗಡುವನ್ನು ಅವರೇ ಮುಂದೆ ಹಾಕಿದ್ದಾರೆ.

ನಿನ್ನ ಜೇಬಿನಲ್ಲಿರುವ ಕಾಗದ ಇನ್ನು ನಿನಗೆ ಬೇಕಾಗುವುದಿಲ್ಲ. ನನ್ನನ್ನು ಬೆದರಿಸಿ ಯಾರೂ ಸಹಿ ಹಾಕಿಸಿಕೊಳ್ಳಲಾರರು. ಸೋತವನು ಅಂತ ನನ್ನ ಹೆಸರು ಈಗ ಯಾವ ಹಾಳೆಯಲ್ಲೂ ಇಲ್ಲ.

ಶಹನವಾಜ್


ಮೊಳಕಾಲ್ಮುರು
26-9-2003

ಶಹನವಾಜ್,

ನಿನಗೆ ಕಳ್ಳ ಅನ್ನಿಸಿಕೊಳ್ಳುವುದು ಸುಲಭವಾಯಿತು, ಸೋತವನು ಅನ್ನಿಸಿಕೊಳ್ಳುವುದು ಆಗಲಿಲ್ಲ. ಇಡೀ ಊರಿನ ಎದುರು ಮಾನ ಕಳೆದುಕೊಂಡೆ, ಹಾಲ್ ಕಳೆದುಕೊಂಡೆ. ಎಲ್ಲ ಯಾಕೆ? 'ಲೋಹಿತ ನನ್ನನ್ನು ಸೋಲಿಸಿದ' ಅನ್ನುವ ಮೂರು ಪದ ತಪ್ಪಿಸಿಕೊಳ್ಳುವುದಕ್ಕೆ. ಇದನ್ನು ಪ್ರಾಮಾಣಿಕತೆ ಅಂತ ಯಾರಾದರೂ ನಿನ್ನ ಬೆನ್ನು ತಟ್ಟಿದರೆ ನನ್ನ ಹತ್ತಿರ ಕಳಿಸು.

ಒಂದು ವಿಷಯ ನಿನ್ನೆ ಹೊಳೆಯಿತು. ಗುಳಿ ಇದ್ದದ್ದು ಬ್ರೇಕಿಗೆ ಮಾತ್ರ. ಎರಡು–ಆರರಿಂದ ಆರು–ಆರಕ್ಕೆ ಬಂದೆನಲ್ಲ, ಆ ನಾಲ್ಕರಲ್ಲಿ ಮೊದಲನೆಯದು ನೀನು ತಪ್ಪಿಸಿದ ಒಂಬತ್ತು, ಉಳಿದ ಮೂರು ಗೇಮಿನಲ್ಲಿ ನಾನು ನಡುವಿನಿಂದ ಬ್ರೇಕ್ ಹೊಡೆದು, ಒಂದರಿಂದ ಶುರುಮಾಡಿ ಒಂಬತ್ತರವರೆಗೆ ಒಂದೊಂದೇ ಹಾಕಿದ್ದೇನೆ. ಹನ್ನೆರಡನೇ ಗೇಮಿನಲ್ಲಿ ಐದು ನಂಬರ್ ಏಳರ ಹಿಂದೆ ಅಡಗಿತ್ತು. ಎರಡು ಕುಷನ್ ತಗುಲಿಸಿ ಹಾಕಿದೆ. ಆಗ ನೀನು ನನ್ನ ಎದುರಿಗೇ ನಿಂತಿದ್ದೆ, ನಿನ್ನ ಮುಖ ನೋಡಿದೆ. ಅದಕ್ಕೆ ಯಾವ ಸುತ್ತಿಗೆಯೂ ಸಹಾಯ ಮಾಡಿಲ್ಲ. ನಿನಗೆ ಅನುಕೂಲವಾಗಿ ಕೊರೆದಿಟ್ಟ ಮೇಜಿನ ಮೇಲೆ ನಿನ್ನನ್ನು ಸಮಕ್ಕೆ ತಂದು ನಿಲ್ಲಿಸಿದೆ. ಅದನ್ನು ರದ್ದು ಮಾಡಲು ದುರ್ಗದವರಿಗೂ ಆಗುವುದಿಲ್ಲ. ನಿನಗೆ ಅದು ಗೊತ್ತು, ಅದಕ್ಕೇ ನಿನ್ನ ಕೈ ಪೆನ್ನಿನ ಕಡೆ ಹೋಗುವುದಿಲ್ಲ.

ಇನ್ನು ನನಗೆ ಬರೆಯಬೇಡ.

ಲೋಹಿತ


ಚಳ್ಳಕೆರೆ
8-10-2003

ಲೋಹಿತ,

ನಾನು ಇಮಾಂ ಬೀ, ಶಾನು ತಾಯಿ. ನಂಗೆ ಬರೆಯಾಕೆ ಬರಲ್ಲ, ಮಗಳು ಫರ್ಜಾನಾ ಕೈಲಿ ಬರೆಸ್ತಾ ಇದೀನಿ. ನಾನು ಹೇಳಿದಂಗೇ ಬರಿ ಅಂದಿದೀನಿ.

ನಿನ್ನ ಕಾಗದ ಬಂದಾಗೆಲ್ಲ ನನ್ನ ಮಗ ಉಣ್ಣಲ್ಲ. ಹೋದ ವಾರ ಮೇಲೆ ಹೋಗಿ ಮೇಜಿನ ಬಟ್ಟೆ ಕಿತ್ತು ಹಾಕ್ದ. ಬರೀ ಕಲ್ಲು ಐತೆ ಈಗ. ವರ್ಕ್‌ಶಾಪ್‌ಗೆ ಬರೋರು ನಗ್ತಾರೆ. ತಪ್ಪು ಮಾಡ್ದ, ಸರಿ, ಒಪ್ಕೊಂಡ. ನೀನೇನು ಕಡ್ಮೆ? ಬಾಯಿ ಮುಚ್ಕೊಂಡಿರ್ತೀನಿ, ಸಹಿ ಹಾಕು ಅಂದ್ಯಂತೆ. ಅದನ್ನ ಫರ್ಜಾನಾ ಓದಿ ಹೇಳಿದಾಗ ನನ್ನ ಕಿವೀನೇ ನಂಬ್ಲಿಲ್ಲ. ನಾಕು ವರ್ಷ ನಮ್ಮನೇಲಿ ಉಂಡಿದೀಯ. ಇಬ್ರೂ ಸೇರಿ ಒಂದು ಆಟಾನ ಹಾಳ್ ಮಾಡಿದ್ರಿ.

ನೀನು ಗೆಲ್ಲು ಅಂತ ದುವಾ ಮಾಡಲ್ಲ. ಸೋಲು ಅಂತಾನೂ ಮಾಡಲ್ಲ. ಇಷ್ಟೇ ಹೇಳಾಕಿದ್ದು.

ಇಮಾಂ ಬೀ


ಮೊಳಕಾಲ್ಮುರು
20-10-2003

ಶಹನವಾಜ್,

ಬರೆಯಬೇಡ ಅಂದವನು ನಾನೇ ಬರೆಯುತ್ತಿದ್ದೇನೆ. ಬೇರೆಯವರ ಬಾಯಿಂದ ಕೇಳಿ ನೀನು ಖುಷಿಪಡುವುದಕ್ಕಿಂತ ನನ್ನಿಂದಲೇ ಕೇಳಿ ಖುಷಿಪಡು. ನಿನ್ನೆ ದುರ್ಗದಲ್ಲಿ ಸೋತೆ. ಆರು–ಏಳು.

ಮೇಜು ಶುದ್ಧವಾಗಿತ್ತು. ಆಟಕ್ಕೆ ಮುಂಚೆ ಬಾಲ್ ಜೋಡಿಸುವ ಜಾಗದಲ್ಲಿ ನಾನೇ ಬೆರಳಾಡಿಸಿ ನೋಡಿದೆ, ನಿನ್ನಿಂದ ಕಲಿತ ಬುದ್ಧಿ. ಹಿರಿಯೂರಿನವನು ನನಗಿಂತ ಚೆನ್ನಾಗಿ ಆಡುವುದಿಲ್ಲ. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ನೋಡಿದವರೆಲ್ಲ ಹೇಳಿದರು. ಆರು–ಆರಾಯಿತು. ಕೊನೆಯ ಗೇಮಿನಲ್ಲಿ ಏಳು, ಎಂಟು, ಒಂಬತ್ತು ಉಳಿದಿದ್ದವು, ಮೂರೂ ಸುಲಭದ ಜಾಗದಲ್ಲಿದ್ದವು. ಸರದಿ ಅವನದು. ಏಳನ್ನು ಮೂಲೆಗೆ ಹೊಡೆದ. ಅಂಗೈ ಅಗಲ ತಪ್ಪಿದ. ನಾನು ಕುರ್ಚಿಯಿಂದ ಎದ್ದುಬಿಟ್ಟೆ, ಕ್ಯೂ ತುದಿಗೆ ಚಾಕ್ ಹಚ್ಚುತ್ತಿದ್ದೆ. ತಪ್ಪಿದ ಏಳು ಕುಷನ್ನಿಗೆ ತಗುಲಿ, ವಾಪಸ್ ಬಂದು, ಒಂಬತ್ತರ ಪಕ್ಕೆಗೆ ತಾಕಿತು. ಒಂಬತ್ತು ಮೆಲ್ಲಗೆ ಹೋಗಿ ನಡುವಿನ ಪಾಕೆಟ್ಟಿನ ತುಟಿಯ ಮೇಲೆ ನಿಂತಿತು. ನಿಂತೇ ಇತ್ತು. ಆಮೇಲೆ ಬಿತ್ತು.

ಅವನಿಗೇ ಗೊತ್ತಾಗಲಿಲ್ಲ, ತಲೆ ಮೇಲೆ ಕೈ ಹೊತ್ತುಕೊಂಡಿದ್ದ. ರೆಫ್ರಿ ಗೇಮ್ ಅಂದಾಗ ನನ್ನ ಮುಖ ನೋಡಿದ. ಬಿಳಿ ಬಾಲ್ ಮೊದಲು ಏಳನ್ನೇ ಮುಟ್ಟಿತ್ತು, ಒಂಬತ್ತು ಬಿತ್ತು, ಗೇಮ್ ಅವನದು. ಅವನು ಬಯಸಿದ್ದಲ್ಲ, ಅವನ ಕೈಗೂ ಅದಕ್ಕೂ ಸಂಬಂಧ ಇಲ್ಲ. ನೀನು ಲಾಟರಿ ಅಂದೆಯಲ್ಲ, ಲಾಟರಿ ಅಂದರೆ ಅದು.

ಶಾನು, ನನಗೂ ಮೆಟ್ಟಿಲು ಕಾಣಿಸಿತು. ಸುಳ್ಳು ಹೇಳುವುದಿಲ್ಲ. ಇಳಿದು ಹೋದರೆ ಯಾರೂ ತಡೆಯುತ್ತಿರಲಿಲ್ಲ. ನಾನು ಸಹಿ ಹಾಕದಿದ್ದರೆ ಅವನ ಹೆಸರೂ ಹೋಗುವುದಿಲ್ಲ, ಈ ವರ್ಷ ಜಿಲ್ಲೆಯಿಂದ ಯಾರೂ ಹೋಗುವುದಿಲ್ಲ ಅಂತ ಆ ಕ್ಷಣದಲ್ಲಿ ಲೆಕ್ಕ ಹಾಕಿದೆ. ಅದೂ ಒಂದು ಥರ ಸಮಾಧಾನ ಅನ್ನಿಸಿತು. ಕಾಲು ಕೀಳಲು ನೋಡಿದೆ.

ಆಮೇಲೆ ಹೋಗಿ ಹಾಳೆ ತೆಗೆದುಕೊಂಡು ಮೊದಲ ಸಹಿ ನಾನೇ ಹಾಕಿದೆ. ಗೆದ್ದವನು ಇನ್ನೂ ಕೈ ಒರೆಸಿಕೊಳ್ಳುತ್ತಿದ್ದ, ರೆಫ್ರಿ ಪೆನ್ನು ಹುಡುಕುತ್ತಿದ್ದರು. 'ಸೋತವನು' ಅಂತ ಅಚ್ಚಾಗಿತ್ತು, ಅದರ ಮುಂದೆ ಪೂರ್ತಿ ಹೆಸರು ಬರೆದೆ, ತಂದೆಯ ಹೆಸರನ್ನೂ ಬರೆದೆ. ಬಸ್ ಸ್ಟ್ಯಾಂಡಿಗೆ ಬಂದು ಕೊಳಾಯಿ ಹತ್ತಿರ ನಿಂತು ಅತ್ತೆ. ಬೆಂಗಳೂರು ಹೋಯಿತು. ಮುಂದಿನ ವರ್ಷ ಒಡೆಯರು ರಜೆ ಕೊಡುತ್ತಾರೋ ಇಲ್ಲವೋ, ನನ್ನ ಕೈ ಹೀಗೇ ಇರುತ್ತದೋ ಇಲ್ಲವೋ.

ನೀನು ನನಗೆ ಕ್ಯೂಗೆ ಬೆರಳಿನ ಬ್ರಿಡ್ಜ್ ಹಾಕುವುದು ಕಲಿಸಿದೆ, ಗುರಿ ಇಡುವುದು ಕಲಿಸಿದೆ. ಇದೊಂದನ್ನು ಕಲಿಸಲಿಲ್ಲ, ನಿನಗೇ ಬರುತ್ತಿರಲಿಲ್ಲ. ಎರಡು ನಿಮಿಷದ ಕೆಲಸ ಅಷ್ಟೇ. ಅದನ್ನು ಮಾಡಲಾಗದೆ ಮೂರು ತಿಂಗಳು ನಮ್ಮಿಬ್ಬರನ್ನೂ ಅರೆದುಬಿಟ್ಟೆ. ನಿನ್ನನ್ನು ಕ್ಷಮಿಸಿಲ್ಲ. ಚಳ್ಳಕೆರೆಗೆ ಬಂದರೂ ನಿನ್ನ ಬೀದಿಗೆ ಬರುವುದಿಲ್ಲ. ಅಮ್ಮನಿಗೆ ಮಾತ್ರ ನನ್ನ ನಮಸ್ಕಾರ ಹೇಳು, ಅವರು ಹೇಳಿದ್ದು ನಿಜ ಅಂತ ಹೇಳು.

ಲೋಹಿತ


ಚಳ್ಳಕೆರೆ
3-11-2003

ಲೋಹಿತ,

ಇದರ ಜೊತೆ ಆಗಸ್ಟ್ ಮೂರರ ಹಾಳೆ ಇದೆ. ದುರ್ಗದವರು 'ರದ್ದು' ಅಂತ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಇಟ್ಟಿದ್ದರು. ಕೇಳಿ ವಾಪಸ್ ತಂದೆ. ಯಾವ ಕಚೇರಿಯಲ್ಲೂ ಇದು ನಡೆಯುವುದಿಲ್ಲ, ನಿನಗೆ ಯಾವ ಉಪಯೋಗಕ್ಕೂ ಬರುವುದಿಲ್ಲ.

ಕೆಂಪು ಗೆರೆಯ ಕೆಳಗೆ ಮೂರನೇ ಸಾಲು ನೋಡು. ನಿನ್ನೆ ಸಂಜೆ ಅಮ್ಮಿಯ ಎದುರು ಕೂತು ಹಾಕಿದೆ. ಅಕ್ಷರ ಕೆಟ್ಟಿದೆ, ಓದಲು ಆಗದಿದ್ದರೆ ಇರಲಿ ಅಂತ ಇಲ್ಲಿ ಮತ್ತೊಮ್ಮೆ ಬರೆದಿದ್ದೇನೆ.

ಸೋತವನು: ಶಹನವಾಜ್, ಬಿನ್ ಜಿಲಾನ್ ಬಾಷಾ, ಚಳ್ಳಕೆರೆ.